ಮಾರಿಯ ಮುಂದೆ ಅರಸುತನ

ಪ್ರಜೆಗಳನ್ನು ರಂಜಿಸುವವನೇ ರಾಜನೆಂದು ಪ್ರಾಚೀನರು ಆ ಶಬ್ದಕ್ಕೆ ನಿರುಕ್ತಿಯನ್ನು ಹೇಳಿರುತ್ತಾರೆ. ಇಲ್ಲಿ ರಂಜನೆಯೆಂದರೆ ನಗಿಸುವುದಲ್ಲ. ಅಂಜಿದವರಿಗೆ ಅಭಯವನ್ನಿತ್ತು ಅವರ ಮನಸ್ಸನ್ನು ತಣಿಸುವುದು. 1660ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನು ಮರಳಿ ಪಡೆದ ಎರಡನೆಯ ಚಾರ್ಲ್ಸನನ್ನು ಇತಿಹಾಸವು ವಿನೋದಪ್ರಿಯನಾದ ಅರಸನೆಂದು ಕರೆಯುತ್ತದೆ. ನಗಿಸುವ ರಂಜನೆಯನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು. ಅಭಯವನ್ನೀಯುವ ರಂಜನೆಯ ಪರೀಕ್ಷೆಯು 1665ರಲ್ಲಿ ಬಂದೊದಗಿತು.

ಆ ವರ್ಷದ ಬೇಸಗೆಯಲ್ಲಿ ಲಂಡನ್ ಪಟ್ಟಣವನ್ನು ಪ್ಲೇಗು ಹೊಕ್ಕಿತು. ಅಂದು ಅಲ್ಲಿದ್ದ ಜನ ನಾಲ್ಕೂವರೆ ಲಕ್ಷದಷ್ಟು. ಜುಲೈ ತಿಂಗಳಿನಲ್ಲಿ ಅರಸನು ಪರಿವಾರಸಮೇತನಾಗಿ ರಾಜಧಾನಿಯನ್ನು ಬಿಟ್ಟು ಹ್ಯಾಂಪ್ಟನ್ ಕೋರ್ಟಿಗೆ, ಅಲ್ಲಿಂದ ಸಾಲ್ಸ್‌ಬರಿಗೆ, ಅಲ್ಲಿಯೂ ರೋಗವು ತಲೆದೋರಲು ಆಕ್ಸ್‌ಫರ್ಡಿಗೆ ಹೋದನು. ಪ್ರಾಣಭಯವು ಅರಸನಿಗೂ ಸಹಜವೇ. ಅಂದಿನ ವೈದ್ಯರೂ ಉಳ್ಳವರಿಗೆ ದೂರ ಹೋಗಿರೆಂದೇ ಹೇಳುತ್ತಿದ್ದರು. ಆದುದರಿಂದ ಹೋದುದೊಂದೇ ಆತನ ದೋಷವೆನ್ನಲಾಗದು. ಹೋದ ಮೇಲೆ ನಡೆದುದೇನೆಂಬುದನ್ನು ವಿಚಾರಿಸತಕ್ಕದ್ದು.

ಲಂಡನ್ನಿನಲ್ಲಿ ರೋಗಿಯಿದ್ದ ಮನೆಯ ಬಾಗಿಲಿಗೆ ಕೆಂಪು ಶಿಲುಬೆಯನ್ನು ಬರೆದು, ರೋಗಿಗಳನ್ನೂ ನಿರೋಗಿಗಳನ್ನೂ ಕೂಡಿಯೇ ನಲವತ್ತು ದಿನ ಒಳಗಿಟ್ಟು, ಕಾವಲು ಹಾಕುತ್ತಿದ್ದರು. ತಾಯಿಗೆ ರೋಗ ಬಂದರೆ ಎದೆಹಾಲಿನ ಕೂಸಿಗೂ ಅದೇ ಸೆರೆ. ನಾಯಿ ಬೆಕ್ಕುಗಳನ್ನು ಕೊಲ್ಲಿಸಿದರು. ಇಲಿಯ ಮೈಯ ಚಿಗಟವೇ ರೋಗವನ್ನು ಹರಡುವುದೆಂಬುದು 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನ ಪ್ರಯೋಗದ ತನಕ ಯಾರಿಗೂ ತಿಳಿದಿರಲಿಲ್ಲ. ಸೆಪ್ಟೆಂಬರಿನ ಒಂದೇ ವಾರದಲ್ಲಿ ಪ್ಲೇಗಿನಿಂದ ಸತ್ತವರು, ಬರೆದಿಟ್ಟ ಲೆಕ್ಕದಂತೆಯೇ, 7,000ಕ್ಕೂ ಹೆಚ್ಚು. ವರ್ಷದ ಲೆಕ್ಕ 68,596. ನಿಜವು ಲಕ್ಷಕ್ಕೆ ಸಮೀಪವೆಂದು ಇತಿಹಾಸಜ್ಞರ ಮತ.

ಇತ್ತ ಆಕ್ಸ್‌ಫರ್ಡಿನಲ್ಲಿ ಅಕ್ಟೋಬರದಲ್ಲಿ ಪಾರ್ಲಿಮೆಂಟು ಸೇರಿತು. ಡಚ್ಚರ ಮೇಲಣ ಯುದ್ಧಕ್ಕೆ ಹಣವು ದೊರೆಯಿತು. ಪ್ಲೇಗಿನ ನಿಬಂಧನೆಗಳ ಮಸೂದೆಯು ಮಾತ್ರ ಬಿದ್ದುಹೋಯಿತು. ತಮ್ಮ ಮನೆಗಳ ಬಾಗಿಲನ್ನು ಮುಚ್ಚಿಸಕೂಡದೆಂದು ಪ್ರಭುಗಳ ಸಭೆಯು ಹಟ ಹಿಡಿದಿತ್ತು. ಬಡವನ ಬಾಗಿಲಿಗೆ ಬಿದ್ದ ಬೀಗವು ಪ್ರಭುವಿನ ಬಾಗಿಲಿಗೆ ಬೀಳಬಾರದು! ಲಂಡನ್ನಿನಿಂದ ಬರುವ ಪತ್ರಿಕೆಯನ್ನು ಮುಟ್ಟಲಂಜಿದ ಆಸ್ಥಾನಿಕರಿಗಾಗಿ ನವೆಂಬರದಲ್ಲಿ ಹೊಸತೊಂದು ಪತ್ರಿಕೆಯೂ ಹುಟ್ಟಿತು. ಅದೇ ಮುಂದೆ ಲಂಡನ್ ಗೆಜೆಟ್ ಎನಿಸಿತು.

ವಿಚಿತ್ರವೆಂದರೆ, ಇಂಗ್ಲೆಂಡಿನ ಅರಸನ ಕೈ ಸೋಂಕಿದರೆ ಗಂಡಮಾಲೆಯು ವಾಸಿಯಾಗುವುದೆಂದು ಜನರು ನಂಬಿದ್ದರು. ಚಾರ್ಲ್ಸನು ತನ್ನ ಆಳಿಕೆಯಲ್ಲಿ 90,000ಕ್ಕೂ ಮಿಕ್ಕಿದ ರೋಗಿಗಳನ್ನು ಮುಟ್ಟಿದನೆಂದು ಲೆಕ್ಕವಿದೆ. ಮುಟ್ಟಿ ಗುಣಪಡಿಸುವವನೆಂಬ ಕೀರ್ತಿಯುಳ್ಳ ಅರಸನು, ಮುಟ್ಟಿದರೆ ಅಂಟುವ ರೋಗವು ಬಂದಾಗ ಊರಿನಲ್ಲಿರಲಿಲ್ಲ.

ಅರಸನ ಕಾಯಕವನ್ನು ಮಾಡಿದವರು ಬೇರೆಯವರು. ನಗರಾಧ್ಯಕ್ಷನಾದ ಜಾನ್ ಲಾರೆನ್ಸನು ಸ್ಥಾನವನ್ನು ಬಿಡಲಿಲ್ಲ. ಅರಸನು ಹಿಂದೆ ನಿಲ್ಲಿಸಿಹೋಗಿದ್ದ ಸೇನಾನಿ ಮಂಕನು ಆಡಳಿತವನ್ನು ನೋಡಿಕೊಂಡನು. ಕ್ರೇವನ್ ಪ್ರಭುವು ಪ್ರಭುಗಳಲ್ಲೊಬ್ಬನಾಗಿದ್ದೂ ಉಳಿದು ರೋಗಿಗಳ ಹಿತವನ್ನು ಚಿಂತಿಸಿದನು. ವೈದ್ಯರಲ್ಲಿ ಬಹುಮಂದಿ ಹೊರಟುಹೋಗಿದ್ದರೂ ನಥಾನಿಯಲ್ ಹಾಜಸನು ದಿನದಿನವೂ ರೋಗಿಗಳನ್ನು ನೋಡುತ್ತಲೇ ಇದ್ದನು. ಅನಂತರ ಆ ಅನುಭವವನ್ನು ಲ್ಯಾಟಿನ್ನಿನಲ್ಲಿ ಗ್ರಂಥವಾಗಿ ಬರೆದನು.

1666ರ ಫೆಬ್ರವರಿಯಲ್ಲಿ ಅರಸನು ಮರಳಿದನು. ಅದೇ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿದಾಗ, ನ್ಯಾಯವಾಗಿ ಹೇಳಬೇಕಾದರೆ, ಆತನು ಓಡಲಿಲ್ಲ. ತಮ್ಮನೊಡನೆ ಬೀದಿಗಿಳಿದು, ಕೆಸರಿನಲ್ಲಿ ನಿಂತು, ನೀರಿನ ತೊಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದನು. ಬೆಂಕಿಯ ಬೆಳಕಿನಲ್ಲಿ ಅರಸನ ಧೈರ್ಯವು ಸಾವಿರ ಕಣ್ಣುಗಳಿಗೆ ಕಾಣುವುದು. ಶಿಲುಬೆ ಬರೆದ ಬಾಗಿಲಿನ ಹಿಂದೆ ನೋಡುವವರಾರು? ಆ ಬಾಗಿಲುಗಳನ್ನು ದಾಟಿ ಒಳಗೆ ಹೋಗುತ್ತಿದ್ದ ಹಾಜಸನು 1688ರಲ್ಲಿ ಸಾಲಗಾರನಾಗಿ ಲಡ್‌ಗೇಟಿನ ಸೆರೆಮನೆಯಲ್ಲಿ ಸತ್ತನು.