ಮೂರನೇ ಸಲಕ್ಕೆ ಬೆರಳು ಒತ್ತು

ಪುಟ್ಟೀ, ನೀನು ಕ್ಯಾಮೆರಾ ಕೊಂಡ ಸುದ್ದಿ ನಿಮ್ಮಮ್ಮ ಹೇಳಿದರು. ಸೆಕೆಂಡ್ ಹ್ಯಾಂಡ್ ಆದರೇನು, ಒಳ್ಳೆಯ ಮಿರರ್‌ಲೆಸ್ಸೇ ತಂದಿದ್ದೀಯ. ಅರಮನೆ ಮೈದಾನದ ದೊಡ್ಡ ಷೋಗಳಿಗೆ ಫೋಟೋ ಪಾಸ್ ಗಿಟ್ಟಿಸುವುದು ಹೇಗೆ ಅಂತ ಕೇಳಬೇಕಿತ್ತಂತೆ ನಿನಗೆ. ಅದಕ್ಕೂ ಬರುತ್ತೇನೆ. ಆದರೆ ಪಾಸಿನ ಆಸೆಯಲ್ಲೇ ವರ್ಷ ಕಳೆದು ಕೊನೆಗೆ ಕ್ಯಾಮೆರಾ ಮಾರಿದವರಿದ್ದಾರೆ. ನೀನು ಬೆಂಗಳೂರಿನ ಶ್ರೀನಗರದವಳು. ಹಾಡು ಹುಡುಕಿಕೊಂಡು ಮೇಖ್ರಿ ಸರ್ಕಲ್ ತನಕ ಹೋಗಬೇಕಾದ ದರ್ದು ನಿನಗೇನಿದೆ?

ಬಸ್ ಸ್ಟ್ಯಾಂಡಿನಿಂದ ಹನುಮಂತನಗರದ ಕಡೆ ಕಾಲು ಹಾಕಿದರೆ ಕೆ.ಎಚ್. ಕಲಾಸೌಧ. ಅಲ್ಲಿ ನಾಟಕ ಹೆಚ್ಚು, ಹಾಡೂ ಇರುತ್ತದೆ. ಕೆ.ಆರ್. ರಸ್ತೆಯಲ್ಲಿ ಗಾಯನ ಸಮಾಜ, 1905ರದ್ದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರು ಮಾಡಿದ್ದು ಅದು, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಚಪ್ಪರ. ಇವೆಲ್ಲ ಒಂದು ಆಟೋದ ದೂರವೂ ಅಲ್ಲ. ಇನ್ನು ಗಣೇಶನ ಹಬ್ಬಕ್ಕೆ, ನವೆಂಬರ್ ತಿಂಗಳ ರಾಜ್ಯೋತ್ಸವಕ್ಕೆ ನಮ್ಮ ಕ್ರಾಸುಗಳಲ್ಲೇ ಹಾಕುವ ಆರ್ಕೆಸ್ಟ್ರಾಗಳಿಗೆ ಟಿಕೆಟ್ಟೂ ಇಲ್ಲ, ಪಾಸೂ ಇಲ್ಲ.

ಆ ಆರ್ಕೆಸ್ಟ್ರಾಗಳಿಂದಲೇ ಶುರು ಮಾಡು. ಮೂಗು ಮುರಿಯಬೇಡ. ಪುನೀತ್ ಹಾಡಿಗೆ ಸಂಘದ ಹುಡುಗರು ಕುಣಿಯುವ ಆ ವೇದಿಕೆಯ ಮೇಲಿರುವುದೂ ದೊಡ್ಡ ರಾಕ್ ಷೋನಲ್ಲಿ ನಿನ್ನನ್ನು ಕಾಡಲಿರುವ ಅದೇ ಎಲ್‌ಇಡಿ ದೀಪಗಳು: ಕ್ಷಣಕ್ಕೊಂದು ಬಣ್ಣ, ಹೊಗೆ, ಹಿಂದಿನಿಂದ ಕಣ್ಣಿಗೇ ಹೊಡೆಯುವ ಬೆಳಕು. ನಿನಗೆ ಮೊದಲು ಸಿಗುವ ಪೆಟ್ಟು ಕೆಂಪು ದೀಪದ್ದು. ಕಣ್ಣಿಗೆ ಚೆಂದ ಕಾಣುವ ಕೆಂಪು, ಫೋಟೋದಲ್ಲಿ ಗಾಯಕನ ಮುಖವನ್ನು ಕುಂಕುಮ ಮೆತ್ತಿದ ಹಲಗೆ ಮಾಡಿಬಿಡುತ್ತದೆ. ಮೂಗು, ಕೆನ್ನೆ, ಗಲ್ಲದ ಗೆರೆ ಒಂದೂ ಉಳಿಯುವುದಿಲ್ಲ. ನೀಲಿಯದೂ ಅದೇ ಕಥೆ. ಕ್ಯಾಮೆರಾದ ಒಂದು ಬಣ್ಣದ ಚಾನೆಲ್ ತುಂಬಿ ತುಳುಕಿ, ಉಳಿದೆರಡು ಖಾಲಿ ಕೂತಿರುವುದರಿಂದ ಹೀಗಾಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ ತೆಗೆ. ಹಿಸ್ಟೋಗ್ರಾಮ್ ನೋಡುವಾಗ ಮೂರೂ ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವುದನ್ನು ನೋಡು. ಅದಕ್ಕಿಂತ ಒಳ್ಳೆಯದು ದೀಪದವನ ಕೈಚಳಕ ಗಮನಿಸುವುದು. ಪಲ್ಲವಿಗೊಂದು ಬಣ್ಣ, ಚರಣಕ್ಕೊಂದು ಬಣ್ಣ ಅಂತ ಅವನಿಗೂ ಒಂದು ಅಭ್ಯಾಸ ಇರುತ್ತದೆ. ಎರಡು ಹಾಡು ಸುಮ್ಮನೆ ನಿಂತು ನೋಡಿದರೆ ಬಿಳಿ ಬೆಳಕು ಯಾವಾಗ ಬೀಳುತ್ತೆ ಅನ್ನುವುದು ಗೊತ್ತಾಗಿಬಿಡುತ್ತದೆ. ಏನು ಮಾಡಿದರೂ ಬಗ್ಗದ ಕೆಂಪನ್ನು ಕಪ್ಪು ಬಿಳುಪಿಗೆ ತಿರುಗಿಸು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಬೇಕು ಅನ್ನುವ ಕಾನೂನಿದೆ. ಹಾಗಾಗಿ ಆರ್ಕೆಸ್ಟ್ರಾದವರ ಜೋರು ಹಾಡುಗಳೆಲ್ಲ ಒಂಬತ್ತರ ಮೇಲೆ ಒತ್ತರಿಸಿಕೊಂಡು ಬರುತ್ತವೆ. ಬ್ಯಾಟರಿ ಅಲ್ಲಿಯವರೆಗೆ ಉಳಿಸಿಕೋ. ಜೊತೆಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗು. ಜನ ನೂಕಾಡುವಾಗ, ವ್ಯೂಫೈಂಡರಿಗೆ ಕಣ್ಣಿಟ್ಟವಳಿಗೆ ಬೆನ್ನ ಹಿಂದೆ ಏನಾಗುತ್ತಿದೆ ಅನ್ನುವುದು ಕಾಣುವುದಿಲ್ಲ.

ಲೆನ್ಸ್ ವಿಚಾರ ಜಾಸ್ತಿ ಎಳೆಯುವುದಿಲ್ಲ. 50 ಎಂಎಂ, ಎಫ್/1.8. ಎಲ್ಲ ಕಂಪನಿಗಳಲ್ಲೂ ಅಗ್ಗದ ಲೆನ್ಸುಗಳಲ್ಲಿ ಅದೂ ಒಂದು. ವರ್ಷ ಅದರಲ್ಲೇ ಕಳೆದ ಮೇಲೆ 85 ಬೇಕು ಅನ್ನಿಸುತ್ತದೆ, ಆಗ ಕೊಂಡುಕೋ. 70-200 ಎಫ್/2.8 ಬೇಕಾದ ದಿನ ಬಾಡಿಗೆಗೆ ತಂದರಾಯಿತು. ಐಎಸ್‌ಒ 3200, 6400 ಅಂದರೆ ಹೆದರುವ ಕಾಲ ಹೋಯಿತು. ಕಾಳು ಕಾಳಾಗಿ ಬಂದ ಫೋಟೋ ಯಾರಿಗೂ ಬೇಜಾರು ತರುವುದಿಲ್ಲ, ಅಲುಗಾಡಿದ ಮುಖ ತರುತ್ತದೆ.

ಈಗ ಕಚೇರಿಗೆ ಬರೋಣ. ನನಗೆ ಹೇಳಬೇಕಾಗಿರುವುದು ಹೆಚ್ಚಾಗಿ ಇಲ್ಲೇ ಇದೆ.

ಸಭಾಂಗಣಕ್ಕೆ ಹೋದ ತಕ್ಷಣ ಕಾರ್ಯದರ್ಶಿಗಳನ್ನು ಹುಡುಕಿ, ಹೆಸರು ಹೇಳಿ, ಫೋಟೋ ತೆಗೆಯಬಹುದೇ ಅಂತ ಕೇಳು. ಮುಂದಿನ ಸಾಲಿನಲ್ಲಿ ಕೂರುವ ಹಿರಿಯರು ಮೂವತ್ತು ನಲವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ತಾಳ ಹಾಕುತ್ತಿರುವವರು. ಅವರ ಕಣ್ಣಿಗೂ ವೇದಿಕೆಗೂ ನಡುವೆ ನೀನು ನಿಂತೆಯೋ, ಮುಂದಿನ ಸಲ ಕಾರ್ಯದರ್ಶಿಗಳ ಉತ್ತರ ಬೇರೆ ಇರುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಫೋಕಸ್ ಆಗುವಾಗ ಕ್ಯಾಮೆರಾ ಮುಂದೆ ಬೆಳಗುವ ಪುಟ್ಟ ಕೆಂಪು ದೀಪವನ್ನೂ, ಕುಂಯ್ ಅನ್ನುವ ಸದ್ದನ್ನೂ ಮೆನುವಿನಲ್ಲಿ ಹುಡುಕಿ ಬಂದ್ ಮಾಡು. ತೆಗೆದದ್ದನ್ನು ಆಗಾಗ ಪರದೆಯ ಮೇಲೆ ನೋಡುವ ಚಟವೂ ಬೇಡ. ಕತ್ತಲ ಸಭಾಂಗಣದಲ್ಲಿ ಅದೂ ಒಂದು ಟಾರ್ಚೇ. ಆಲಾಪನೆ ನಡೆಯುವಾಗ ಕೂತಲ್ಲಿಂದ ಏಳಬೇಡ. ಚಪ್ಪಾಳೆ ಬಿದ್ದಾಗ ಜಾಗ ಬದಲಿಸು.

ಶಟರ್ ಸದ್ದೇ ಇಲ್ಲದ ಮೋಡ್ ನಿನ್ನ ಕ್ಯಾಮೆರಾದಲ್ಲಿದೆ. ನಮ್ಮ ಕಾಲದ ಖಟ್ ಖಟ್ ನೆನೆದರೆ ಅದೊಂದು ವರವೇ. ಆದರೆ ಟ್ಯೂಬ್‌ಲೈಟ್ ಉರಿಯುವ ಸಭಾಂಗಣದಲ್ಲಿ ಆ ಮೋಡಿನಲ್ಲಿ ತೆಗೆದರೆ ಫೋಟೋ ತುಂಬ ಅಡ್ಡಡ್ಡ ಪಟ್ಟೆ ಬರಬಹುದು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗ 1/100ಕ್ಕೋ 1/50ಕ್ಕೋ ಇಟ್ಟರೆ ಒಂದು ಪೂರ್ತಿ ಮಿನುಗು ಒಳಗೆ ಸೇರಿಕೊಂಡು ಪಟ್ಟೆ ಮಾಯವಾಗುತ್ತದೆ. ಬೀದಿ ಆರ್ಕೆಸ್ಟ್ರಾದ ಎಲ್‌ಇಡಿಗಳಿಗೆ ಈ ಲೆಕ್ಕ ನಂಬುವ ಹಾಗಿಲ್ಲ, ಅಲ್ಲಿ ಮಾಮೂಲಿ ಮೆಕ್ಯಾನಿಕಲ್ ಶಟರೇ ಸರಿ. ಆ ಗಲಾಟೆಯಲ್ಲಿ ಅದರ ಸದ್ದು ಯಾರಿಗೆ ಕೇಳಬೇಕು! 1/100ರಲ್ಲಿ ಮೃದಂಗದ ಬೆರಳುಗಳು ಮಸುಕಾಗುತ್ತವೆ ಅಂತ ಕೊರಗಬೇಡ. ಮುಖ ಚೂಪಾಗಿದ್ದು ಬೆರಳು ಕರಗಿದ್ದರೆ ಆ ಫೋಟೋದಲ್ಲಿ ನಡೆ ಕಾಣುತ್ತದೆ.

ಎಲ್ಲಿ ಕೂರಬೇಕು? ಕಲಾವಿದರು ವೇದಿಕೆಯ ಮೇಲೆ ಕೂರುವ ಕ್ರಮಕ್ಕೆ ಒಂದು ಕಾರಣವಿದೆ. ಮೃದಂಗದ ಬಲಮುಖ ಸಭೆಯ ಕಡೆ ಇರಬೇಕು, ಅದಕ್ಕೆ ಮೃದಂಗದವರು ಗಾಯಕರ ಬಲಗಡೆ, ಅಂದರೆ ನಮಗೆ ಕಾಣುವಂತೆ ಎಡಗಡೆ, ಗಾಯಕರ ಕಡೆ ತಿರುಗಿ ಕೂರುತ್ತಾರೆ. ಪಿಟೀಲು ನಮಗೆ ಬಲಗಡೆ. ಎಡಗೈಯವರು ನುಡಿಸುವ ದಿನ ಇದು ತಿರುವುಮುರುವಾಗುತ್ತದೆ; ಪಳನಿ ಸುಬ್ರಮಣಿಯ ಪಿಳ್ಳೆಯಂಥ ದೊಡ್ಡ ಮೃದಂಗ ವಿದ್ವಾಂಸರಿಗೂ ಎಡಗೈ ಅನ್ನುವ ಕಾರಣಕ್ಕೆ ಕೂರುವ ಜಾಗದ ತಕರಾರು ಇತ್ತು. ಹಾಗಾಗಿ ಮೃದಂಗದವರ ಮುಖ ಬೇಕಾದರೆ ನೀನು ಸಭೆಯ ಬಲ ಅಂಚಿನಲ್ಲಿರಬೇಕು. ಗಾಯಕರನ್ನು ನೇರ ಎದುರಿನಿಂದ ತೆಗೆದರೆ ಮೈಕು ಬಾಯಿಗೇ ಅಡ್ಡ ಬರುತ್ತದೆ, ಅದಕ್ಕೂ ಪಕ್ಕದ ಕೋನವೇ ವಾಸಿ. ಘಟವನ್ನು ಎದುರಿನಿಂದ ತೆಗೆದರೆ ಗಡಿಗೆ ಮಾತ್ರ ಕಾಣುತ್ತದೆ. ನಮ್ಮೂರಿನ ಸುಕನ್ಯಾ ರಾಂಗೋಪಾಲ್ ಅವರ ಕಚೇರಿಗೆ ಹೋದಾಗ ಸ್ವಲ್ಪ ಎತ್ತರದಿಂದ, ಓರೆಯಾಗಿ ನೋಡು, ಗಡಿಗೆಯ ಕತ್ತಿನ ಸುತ್ತ ಬೆರಳುಗಳು ಮಾಡುವ ಕೆಲಸ ಕಾಣುತ್ತದೆ.

ಜಾಗ ಸರಿಯಾಯಿತು, ಬೆಳಕು ಸರಿಯಾಯಿತು. ಯಾವಾಗ ಒತ್ತಬೇಕು? ಹೊಸಬರೆಲ್ಲ ಮೊದಲ ಹತ್ತು ನಿಮಿಷದಲ್ಲಿ ಮುನ್ನೂರು ಫೋಟೋ ತೆಗೆದು ಎದ್ದು ಹೋಗುತ್ತಾರೆ. ಆ ಹತ್ತು ನಿಮಿಷ ಕಲಾವಿದರು ಮೈಕಿನವನಿಗೆ ಕೈಸನ್ನೆ ಮಾಡುತ್ತಾ, ಕಂಠ ಸರಿಪಡಿಸಿಕೊಳ್ಳುತ್ತಾ ಇರುತ್ತಾರೆ. ಕಚೇರಿಯ ಮುಖ ಅರಳುವುದು ತನಿ ಆವರ್ತನದಲ್ಲಿ. ಪ್ರಧಾನ ಕೃತಿ ಮುಗಿಯುವ ಹೊತ್ತಿಗೆ ಹಾಡು ನಿಲ್ಲುತ್ತದೆ. ಮೃದಂಗಕ್ಕೂ ಘಟಕ್ಕೋ ಖಂಜಿರಕ್ಕೋ ವೇದಿಕೆ ಬಿಟ್ಟುಕೊಟ್ಟು ಗಾಯಕರು ತಾಳ ಹಾಕುತ್ತಾ ಕೂರುತ್ತಾರೆ. ಕಾಫಿಗೆ ಎದ್ದು ಹೋಗುವ ರಸಿಕರೂ ಆಗಲೇ ಏಳುತ್ತಾರೆ. ನೀನು ಏಳಬೇಡ. ಮೃದಂಗ ಒಂದಿಷ್ಟು, ಘಟ ಒಂದಿಷ್ಟು, ಆಮೇಲೆ ಚಿಕ್ಕ ಚಿಕ್ಕ ಸವಾಲು ಜವಾಬು, ಕೊನೆಗೆ ಮೋರ, ಅದರ ಹಿಂದೆಯೇ ಮುಕ್ತಾಯದ ಲೆಕ್ಕವಾದ ಕೋರ್ವೆ. ಈ ಕೋರ್ವೆಯನ್ನು ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ. ಮೂರನೆಯದು ಮುಗಿದ ಬಿಂದುವಿನಲ್ಲೇ ಗಾಯಕರು ಹಾಡಿನ ಸಾಲನ್ನು ಎತ್ತಿಕೊಳ್ಳುತ್ತಾರೆ.

ಮೊದಲ ಸಲ ಕ್ಯಾಮೆರಾ ಮುಟ್ಟದೆ ಕೇಳು. ಲೆಕ್ಕ ಎಲ್ಲಿ ಬಂದು ಇಳಿಯುತ್ತದೆ, ಯಾರು ಯಾರ ಕಡೆ ನೋಡುತ್ತಾರೆ ಅನ್ನುವುದನ್ನು ಗಮನಿಸು. ಎರಡನೇ ಸಲ ಚೌಕಟ್ಟು ಹೂಡು, ಫೋಕಸ್ ಕೂರಿಸು. ಮೂರನೇ ಸಲ, ಆ ಕೊನೆಯ ಮೂರ್ನಾಲ್ಕು ಅಕ್ಷರ ಇರುವಾಗ ಒತ್ತಲು ಶುರು ಮಾಡು. ಮೃದಂಗದವರ ತಲೆ ಎತ್ತುತ್ತದೆ, ಪಿಟೀಲಿನವರು ಬಿಲ್ಲು ಮೇಲಕ್ಕೆ ಹಿಡಿದು ಕಾಯುತ್ತಿರುತ್ತಾರೆ, ಗಾಯಕರ ಕೈ ತೊಡೆಯ ಮೇಲೆ ಬೀಳುತ್ತದೆ, ಮೂವರ ಮುಖದಲ್ಲೂ ಒಟ್ಟಿಗೆ ನಗು. ಅರ್ಧ ಸೆಕೆಂಡು ಇದ್ದರೆ ಹೆಚ್ಚು. ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಫೋಟೋ ತೆಗೆಯಬಹುದು, ಆದರೆ ಆ ಅರ್ಧ ಸೆಕೆಂಡು ಬರುತ್ತಿದೆ ಅಂತ ಅದಕ್ಕೆ ಯಾರು ಹೇಳುತ್ತಾರೆ? ತಾಳ ಹಾಕಲು ಬರುವವರಿಗೆ ಮಾತ್ರ ಅದು ಮೊದಲೇ ಗೊತ್ತು. ಆದಿತಾಳ, ರೂಪಕ, ಮಿಶ್ರಛಾಪು ಇವಿಷ್ಟನ್ನು ಕೈಯಲ್ಲಿ ಹಾಕುವುದು ಕಲಿ. ನಮ್ಮ ಬಡಾವಣೆಯಲ್ಲಿ ಸಂಗೀತ ಪಾಠದ ಮನೆಗಳಿಗೇನು ಬರವೇ? ಹೊಸ ಲೆನ್ಸಿಗೆ ಸುರಿಯುವ ದುಡ್ಡಿಗಿಂತ ಆ ಪಾಠದ ಮೂರು ತಿಂಗಳ ಫೀಸು ನಿನ್ನ ಫೋಟೋಗಳನ್ನು ಬದಲಿಸುತ್ತದೆ ಅನ್ನುವುದು ನನ್ನ ಹಟ. ರಾಕ್ ಸಂಗೀತಕ್ಕೂ ಇದೇ ಲೆಕ್ಕ. ಡ್ರಮ್ಮಿನ ಉರುಳು ಮುಗಿದು ಗಿಟಾರ್ ಬೀಳುವ ಬಡಿತ ಯಾವುದು ಅಂತ ಮನೆಯಲ್ಲೇ ಆ ಬ್ಯಾಂಡಿನ ಹಾಡು ಕೇಳಿಕೊಂಡು ಹೋದವಳಿಗೆ ಗೊತ್ತಿರುತ್ತದೆ.

ಒಂದು ಫೋಟೋ ಹುಡುಕಿ ನೋಡು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲ್ಲಾಡಿಯಂನಲ್ಲಿ ದಿ ಕ್ಲ್ಯಾಷ್ ಬ್ಯಾಂಡಿನ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿರುವುದನ್ನು ಪೆನ್ನಿ ಸ್ಮಿತ್ ತೆಗೆದದ್ದು. ಫೋಕಸ್ ತಪ್ಪಿದೆ ಅಂತ ಆಕೆಗೇ ಅದು ಬೇಡವಾಗಿತ್ತು; ಬ್ಯಾಂಡಿನವರು ಹಟ ಹಿಡಿದು ‘ಲಂಡನ್ ಕಾಲಿಂಗ್’ ಆಲ್ಬಂನ ಮುಖಪುಟಕ್ಕೆ ಹಾಕಿಸಿದರು. ಆಮೇಲೆ ರಘು ರಾಯ್ ತೆಗೆದ ಹಿಂದೂಸ್ತಾನಿ ಕಲಾವಿದರ ಚಿತ್ರಗಳನ್ನೂ ನೋಡು. ವೇದಿಕೆ ಇಳಿದು ಮನೆಯೊಳಗೆ ಬಿಟ್ಟುಕೊಳ್ಳುವಷ್ಟು ನಂಬಿಕೆ ಗಳಿಸಿದವರಿಗೆ ಏನು ಸಿಗುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಆ ನಂಬಿಕೆಗೆ ಅಡ್ಡದಾರಿ ಇಲ್ಲ, ಆದರೆ ಒಂದು ಒಳದಾರಿ ಇದೆ. ಕಚೇರಿಗೆ ಬಂದ ಎಲ್ಲರೂ ಗಾಯಕರನ್ನೇ ತೆಗೆಯುತ್ತಾರೆ. ನೀನು ಖಂಜಿರದವರನ್ನು, ಮೋರ್ಚಿಂಗಿನವರನ್ನು, ಹಿಂದೆ ತಂಬೂರಿ ಹಿಡಿದು ಎರಡೂವರೆ ಗಂಟೆ ಕೂತ ಶಿಷ್ಯೆಯನ್ನು ತೆಗೆ. ಮಾರನೆಯ ದಿನವೇ ಒಂದೆರಡು ಒಳ್ಳೆಯವನ್ನು ಅವರಿಗೆ ಕಳಿಸು, ನಿನ್ನ ಹೆಸರನ್ನು ಮುಖದ ಮೇಲೆ ಅಚ್ಚೊತ್ತದೆ. ಪಕ್ಕವಾದ್ಯದವರು ವಾರಕ್ಕೆ ನಾಲ್ಕು ವೇದಿಕೆ ಹತ್ತುವವರು. ನಿನ್ನ ಹೆಸರು ಸಭೆಯಿಂದ ಸಭೆಗೆ ಹೋಗುವುದು ಅವರ ಬಾಯಲ್ಲೇ. ಫೈಲಿನ ಜೊತೆ ತಾರೀಖು, ಜಾಗ, ವೇದಿಕೆಯ ಮೇಲಿದ್ದ ಎಲ್ಲರ ಹೆಸರು, ಗೊತ್ತಾದರೆ ರಾಗ ಇಷ್ಟನ್ನು ಅವತ್ತು ರಾತ್ರಿಯೇ ಬರೆದಿಡು.

ಪ್ರೀತಿಯಿಂದ ಕೊಡುವುದು ಬೇರೆ, ಪುಕ್ಕಟೆ ದುಡಿಯುವುದು ಬೇರೆ. ಟಿಕೆಟ್ ಮಾರಿ ದುಡ್ಡು ಮಾಡುವ ಆಯೋಜಕ ‘ನಿನಗೂ ಹೆಸರು ಬರುತ್ತಲ್ಲಮ್ಮ’ ಅಂದರೆ ನಕ್ಕು ದರ ಹೇಳು. ದುಡ್ಡು ಕೊಡುತ್ತೇನೆ ಅಂದರೆ ಇನ್ನೂ ಎಚ್ಚರ ಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಫೋಟೋ ತೆಗೆದವಳೇ ಅದರ ಮೊದಲ ಒಡತಿ ನಿಜ. ಆದರೆ ಹಣ ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ‘ಈ ಕಾರ್ಯಕ್ರಮದ ಪ್ರಚಾರಕ್ಕೆ ಬಳಸಬಹುದು, ಹಕ್ಕು ನನ್ನದು’ ಅಂತ ಎರಡು ಸಾಲು ಮೊದಲೇ ಬರೆಸಿಕೊಂಡರೆ ಸಾಕು.

ಇನ್ನು ನಿನ್ನ ಪಾಸು. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದ್ದು ನಿನ್ನಂಥವರಿಗೆ ಪುರಾಣ. ಅಂಥ ಷೋಗಳ ಪಾಸು ಸಾಮಾನ್ಯವಾಗಿ ಪತ್ರಿಕೆಯ ಹೆಸರಿನಲ್ಲೋ, ಆಯೋಜಕರ ಕಡೆಯಿಂದಲೋ, ಬ್ಯಾಂಡಿನ ಮೂಲಕವೋ ಬರುತ್ತದೆ. ಯಾರನ್ನೇ ಕೇಳಿದರೂ ಹಿಂದೆ ತೆಗೆದದ್ದನ್ನು ತೋರಿಸು ಅನ್ನುತ್ತಾರೆ. ಹತ್ತು ಫೋಟೋ ಕಳಿಸು, ಐವತ್ತಲ್ಲ. ಸಿಕ್ಕಿದ ಮೇಲೂ ವೇದಿಕೆಯ ಬುಡದಲ್ಲಿ ನಿಲ್ಲಲು ಬಿಡುವುದು ಬಹುತೇಕ ಮೊದಲ ಮೂರು ಹಾಡಿಗೆ, ಅದೂ ಫ್ಲ್ಯಾಶ್ ಇಲ್ಲದೆ. ಆಮೇಲೆ ಹೊರಗೆ. ಕಾಲು ಗಂಟೆ ಅಂದುಕೋ. ಕೋಟೆ ಹೈಸ್ಕೂಲ್ ಚಪ್ಪರದಲ್ಲಿ ಕೂತು ಪೂರ್ತಿ ಕಚೇರಿ ಕೇಳಿ ಬಂದವಳು ಆ ಕಾಲು ಗಂಟೆಯಲ್ಲಿ ತಡಬಡಾಯಿಸುವುದಿಲ್ಲ. ಒಳಗೆ ಬಿಡುವ ಮೊದಲು ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ ಓದು. ಫೋಟೋಗಳ ಎಲ್ಲ ಹಕ್ಕೂ ನಮ್ಮದು ಅಂತ ಬರೆದಿದ್ದರೆ ಪಾಸು ವಾಪಸ್ ಕೊಟ್ಟು ಮನೆಗೆ ಬಂದರೂ ನಷ್ಟವಿಲ್ಲ.

ಸ್ಪೀಕರಿನ ಬುಡದಲ್ಲಿ ನಿಲ್ಲುವವಳು ಕಿವಿಗೆ ಫೋಮ್ ಬೆಣೆ ಹಾಕಿಕೋ. ನೂರು ಡೆಸಿಬೆಲ್ ಸದ್ದನ್ನು ಬರಿಗಿವಿಯಲ್ಲಿ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೇಳಬಾರದು ಅನ್ನುವುದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಮೂರು ಹಾಡಿಗೇ ಅಷ್ಟೂ ಖರ್ಚಾಗಿರುತ್ತದೆ. ಬೆಣೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಬೆಲೆ ಏನೂ ಇಲ್ಲ. ಎರಡು ಜೊತೆ ತಗೋ, ನಿನ್ನ ಗೆಳತಿಗೂ ಬೇಕಲ್ಲ.