ಹನ್ನೆರಡರ ಬಳಿಕ: ಗಡಿನಾಡಿನ ವಿದ್ಯಾರ್ಥಿಯ ಕಾಲೇಜು ಆಯ್ಕೆ

ಶಾಲೆಯೊಂದಕ್ಕೆ ಐವತ್ತು ವರ್ಷ ತುಂಬಿತೆಂದರೆ ಅಲ್ಲಿ ಅಕ್ಷರ ಕಲಿತವರ ಮಕ್ಕಳೂ ಕಲಿತು ಹೊರಬಂದಿರುತ್ತಾರೆ. ಹೊರಬಂದವರು ಮುಂದೆ ಎಲ್ಲಿಗೆ ಹೋದರು ಎಂಬುದನ್ನು ಇಂತಹ ಸಂಚಿಕೆಗಳಲ್ಲಿ ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಅಧ್ಯಾಪಕ ವೃತ್ತಿಯಲ್ಲಿದ್ದಾಗ ಪ್ರತಿ ಮೇ ತಿಂಗಳಲ್ಲಿ ಹೆತ್ತವರು ನನ್ನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಯಾವ ಕಾಲೇಜು ಒಳ್ಳೆಯದು?” ಹಾಗೆ ಕೇಳಿದರೆ ಉತ್ತರವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ತನ್ನ ಭಾಷೆಯನ್ನು ಕೈಬಿಡದೆ, ಕೇರಳದೊಳಗೇ ಎಲ್ಲಿ ಮುಂದುವರಿಯಬಹುದು ಎಂದು ಕೇಳಿದರೆ ಉತ್ತರವುಂಟು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಕಾಸರಗೋಡು ಸರಕಾರಿ ಕಾಲೇಜು ಆರಂಭವಾಯಿತು. ಮೊದಲು ಕೇರಳ ವಿಶ್ವವಿದ್ಯಾನಿಲಯ, 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅದು, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಇದು. ಕಾಲೇಜು ಒಂದೇ, ಆದರೆ ಅಜ್ಜನ, ಮಗನ, ಮೊಮ್ಮಗಳ ಪದವಿಪತ್ರಗಳಲ್ಲಿ ಮೂರು ಬೇರೆ ಬೇರೆ ಮುದ್ರೆಗಳಿರುವ ಮನೆಗಳು ನಮ್ಮಲ್ಲಿ ಇದ್ದರೆ ಆಶ್ಚರ್ಯವಿಲ್ಲ. ವಿಶ್ವವಿದ್ಯಾನಿಲಯ ಹತ್ತಿರ ಬಂದಷ್ಟೂ ಅಲೆದಾಟ ಕಡಿಮೆಯಾಯಿತೆಂಬುದು ನಿಜ. ಆದರೆ ಕನ್ನಡದ ವಿದ್ಯಾರ್ಥಿಗೆ ಮುದ್ರೆಗಿಂತ ಮುಖ್ಯವಾದುದು ಅಲ್ಲಿಯ ಕನ್ನಡ ವಿಭಾಗ. ಬಿ.ಎ. ಮತ್ತು ಎಂ.ಎ. ಎರಡನ್ನೂ ಕನ್ನಡದಲ್ಲಿ ಓದಲು ಈ ಕಾಲೇಜಿನಲ್ಲಿ ಅವಕಾಶವಿದೆ. 1980ರಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನಲ್ಲಿ ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ತೆರೆದ ಮೇಲೆ ಉತ್ತರದ ಹಳ್ಳಿಗಳ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಮನೆಯಿಂದಲೇ ಹೋಗಿಬರುವ ಅನುಕೂಲವಾಯಿತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಕನ್ನಡ ಓದುವುದೆಂದರೆ ಕನ್ನಡ ಬಿ.ಎ. ಮಾಡುವುದು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ವಾಣಿಜ್ಯವನ್ನೋ ಭೂವಿಜ್ಞಾನವನ್ನೋ ಮುಖ್ಯ ವಿಷಯವಾಗಿ ಆರಿಸಿದವರೂ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯನ್ನು ಓದಬೇಕಾಗುತ್ತದೆ. ಅಲ್ಲಿ ಕನ್ನಡವನ್ನು ಆರಿಸುವವರು ಕಡಿಮೆಯಾದರೆ ತರಗತಿ ಕುಗ್ಗುತ್ತದೆ. ತರಗತಿ ಕುಗ್ಗಿದರೆ ಅಧ್ಯಾಪಕ ಹುದ್ದೆಗೆ ಬೇಕಾದ ಕೆಲಸದ ಗಂಟೆಗಳು ಸಾಲದೆ ಹೋಗುತ್ತವೆ. ಹುದ್ದೆಯೊಂದು ಹೋದ ಮೇಲೆ ಮನವಿಪತ್ರ ಹಿಡಿದು ತಿರುವನಂತಪುರಕ್ಕೆ ಹೋಗುವುದು ನಮಗೆ ಅಭ್ಯಾಸವಾಗಿದೆ. ಅದಕ್ಕಿಂತ ಅರ್ಜಿಯ ಭಾಷೆಯ ಕಾಲಮನ್ನು ಎಚ್ಚರದಿಂದ ತುಂಬುವುದು ಸುಲಭವಲ್ಲವೇ? ಅಂಕ ಹೆಚ್ಚು ಸಿಗುತ್ತದೆಂದು ಬೇರೆ ಭಾಷೆ ಹಿಡಿಯುವವರನ್ನು ನಾನು ದೂಷಿಸುವುದಿಲ್ಲ. ಆದರೆ ಆ ಲೆಕ್ಕಾಚಾರ ಸರಿಯೆಂದು ನನಗೆ ಎಂದೂ ಅನಿಸಿಲ್ಲ.

ಪದವಿ ಪ್ರವೇಶವು ಈಗ ಏಕಗವಾಕ್ಷಿ ಕ್ರಮದಲ್ಲಿ ನಡೆಯುತ್ತದೆ. ಕಾಲೇಜು ಮತ್ತು ವಿಷಯಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಮೇಲಿನ ಆಯ್ಕೆ ಸಿಕ್ಕಿದರೆ ಕೆಳಗಿನವು ತಾವಾಗಿ ರದ್ದಾಗುತ್ತವೆ. ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಬಂದರೆ ಕೈಯಲ್ಲಿದ್ದ ಸ್ಥಾನವೂ ಹೋಗುತ್ತದೆ. ಆದುದರಿಂದ ಮನೆ ಸಮೀಪದ ಕಾಲೇಜೇ ಸಾಕೆಂದು ನಿಶ್ಚಯಿಸಿದವರು ಉಳಿದ ಮೇಲಿನ ಆಯ್ಕೆಗಳನ್ನು ಸಕಾಲದಲ್ಲಿ ರದ್ದುಮಾಡಬೇಕು. ನೆರೆಮನೆಯವನ ಪಟ್ಟಿಯನ್ನು ನೋಡಿ ಬರೆಯುವುದಂತೂ ಸಲ್ಲದು. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಜಾರಿಯಲ್ಲಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಡಬಹುದು, ನಾಲ್ಕನೆಯ ವರ್ಷವನ್ನೂ ಪೂರೈಸಿದರೆ ಆನರ್ಸ್ ಪದವಿ. ಬಡ ಕುಟುಂಬದವರು ಪ್ರಯಾಣ ಮತ್ತು ವಸತಿಯ ಖರ್ಚನ್ನು ಈ ನಾಲ್ಕನೆಯ ವರ್ಷವನ್ನೂ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು.

ವೃತ್ತಿಶಿಕ್ಷಣಕ್ಕೆ ಹೋಗುವವರಿಗೆ ಜಿಲ್ಲೆಯೊಳಗೇ ಪೊವ್ವಲಿನಲ್ಲಿ 1993ರಿಂದ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜು, ಪಡನ್ನಕ್ಕಾಡಿನಲ್ಲಿ 1994ರಿಂದ ಕೃಷಿ ಕಾಲೇಜು ಇವೆ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಬಹುಕಾಲ ಕಾದ ಮೇಲೆ 2025ರಲ್ಲಿ 50 ಸ್ಥಾನಗಳಿಗೆ ಅನುಮತಿ ದೊರೆಯಿತು. ಇವಕ್ಕೆಲ್ಲ ಪ್ರವೇಶ ಪರೀಕ್ಷೆಯೇ ಬಾಗಿಲು. ಸ್ನಾತಕೋತ್ತರಕ್ಕೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯವನ್ನು ನಮ್ಮವರು ಯಾಕೋ ಮರೆತೇಬಿಡುತ್ತಾರೆ. 2009ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಕನ್ನಡ ವಿಭಾಗವೂ ಇದೆ. ಪ್ರವೇಶವು ಅಖಿಲ ಭಾರತ ಮಟ್ಟದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕವಾದುದರಿಂದ ಅದರ ಪ್ರಕಟಣೆಯನ್ನು ಪದವಿಯ ಕೊನೆಯ ವರ್ಷದಲ್ಲೇ ಗಮನಿಸುತ್ತಿರಬೇಕು.

ಮಂಗಳೂರು ಹತ್ತಿರವಲ್ಲವೇ ಎಂದು ಕೇಳುವವರಿದ್ದಾರೆ. ಹತ್ತಿರವೇ, ಮಂಜೇಶ್ವರದವರಿಗೆ ಕಾಸರಗೋಡಿಗಿಂತಲೂ ಹತ್ತಿರ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೆ ಕರ್ನಾಟಕದ ಸಾಮಾನ್ಯ ಪ್ರವೇಶ ವ್ಯವಸ್ಥೆಯಲ್ಲಿ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಅವಕಾಶವೂ ಇದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಆದರೆ ಓದಿದ ಮೇಲೆ ಕೇರಳದಲ್ಲೇ ಉದ್ಯೋಗಕ್ಕೆ ನಿಲ್ಲುವ ಉದ್ದೇಶವಿದ್ದರೆ ಹೊರರಾಜ್ಯದ ಪದವಿಗೆ ಇಲ್ಲಿನ ವಿಶ್ವವಿದ್ಯಾನಿಲಯದಿಂದ ಸಮಾನತಾ ಪತ್ರ ಬೇಕಾಗಬಹುದು. ಕೇರಳ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಆ ಹುದ್ದೆಗಳ ಕಡೆಗೆ ಕಣ್ಣಿಟ್ಟವರು ಅಧಿಸೂಚನೆಯಲ್ಲಿರುವ ಅರ್ಹತೆಯ ಭಾಗವನ್ನು ಕಾಲೇಜು ಸೇರುವ ಮೊದಲೇ ಒಮ್ಮೆ ಓದಬೇಕು. ಹಳೆಯ ಅಧಿಸೂಚನೆಗಳು ಆಯೋಗದ ಜಾಲತಾಣದಲ್ಲಿ ದೊರೆಯುತ್ತವೆ. ಅರ್ಥವಾಗದಿದ್ದರೆ ಊರಿನ ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ಯಾರಾದರೊಬ್ಬರು ವಿವರಿಸಿ ಹೇಳುವವರು ಸಿಕ್ಕಿಯೇ ಸಿಗುತ್ತಾರೆ.