ಕಥೆ ಕೇಳೋಣ, ಲೆಕ್ಕ ಮರೆಯದಿರೋಣ



ಹರಿಕಥೆಯ ದಾಸರು ಬರಿಯ ನೀತಿ ಹೇಳುತ್ತ ನಿಂತರೆ ಜನ ಎದ್ದು ಹೋಗುತ್ತಾರೆ. ಅದಕ್ಕೇ ಅವರು ನಡುನಡುವೆ ಹಾಡುತ್ತಾರೆ, ನಗಿಸುತ್ತಾರೆ. ರೇಡಿಯೋ, ದೂರದರ್ಶನ, ಮೊಬೈಲು ಸಹ ಬೇಸಾಯದ ವಿಷಯ ತಿಳಿಸುವಾಗ ಇದೇ ದಾರಿ ಹಿಡಿದಿವೆ. ಇದರಿಂದ ಲಾಭವುಂಟು; ಎಚ್ಚರ ತಪ್ಪಿದರೆ ನಷ್ಟವೂ ಉಂಟು.

ಇಂಗ್ಲೆಂಡಿನ ಸಂಗತಿ ನೋಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಅಲ್ಲಿ ಆಹಾರದ ಪಡಿತರ ನಡೆದೇ ಇತ್ತು. ರೈತರು ಹೆಚ್ಚು ಬೆಳೆಯಬೇಕಾಗಿತ್ತು. ಆಗ ಬಿ.ಬಿ.ಸಿ. ರೇಡಿಯೋ ‘ದಿ ಆರ್ಚರ್ಸ್’ ಎಂಬ ರೈತ ಕುಟುಂಬದ ಕಥೆಯನ್ನು 1951ರ ಜನವರಿ 1ರಿಂದ ದೇಶಕ್ಕೆಲ್ಲ ಬಿತ್ತರಿಸತೊಡಗಿತು. ಸಂಸಾರದ ಸುಖದುಃಖದ ನಡುವೆ ಬೆಳೆ, ದನಕರುಗಳ ತಿಳಿವಳಿಕೆಯೂ ಬರುತ್ತಿತ್ತು. 1955ರಲ್ಲಿ ಆ ಕಥೆಯ ಸೊಸೆ ಗ್ರೇಸ್ ಬೆಂಕಿ ಅನಾಹುತದಲ್ಲಿ ತೀರಿಕೊಂಡಾಗ, ಕೇಳುಗರು ತಮ್ಮ ಮನೆಯವರೇ ಹೋದಂತೆ ಮರುಗಿದರು. ಕಥೆಯ ಸೆಳೆತ ಅಂಥದು!

ಆದರೆ ಕೇಳಿದ ಮಾತ್ರಕ್ಕೆ ಕಲಿತಂತಾಗದು. 1956ರಲ್ಲಿ ಪುಣೆಯ ಆಕಾಶವಾಣಿ, ಯುನೆಸ್ಕೋ ನೆರವಿನಿಂದ, ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ನಡೆಸಿತು. ವಾರಕ್ಕೆ 2 ಸಲ, ಅರ್ಧ ಗಂಟೆಯ ಕಾರ್ಯಕ್ರಮ. ಸದಸ್ಯರು ಒಟ್ಟಿಗೆ ಕೇಳಿ, ಆಮೇಲೆ ಚರ್ಚಿಸಿ, ಸಂದೇಹಗಳನ್ನು ನಿಲಯಕ್ಕೆ ಬರೆದು ಕಳಿಸುತ್ತಿದ್ದರು. ಕೂಟವಿದ್ದ ಹಳ್ಳಿಗಳವರು ಇಲ್ಲದ ಹಳ್ಳಿಗಳವರಿಗಿಂತ ಬಹಳ ಹೆಚ್ಚು ಕಲಿತಿದ್ದರೆಂದು ಪರೀಕ್ಷೆಯಿಂದ ತಿಳಿದುಬಂತು.

ನಾವು ಮಾಡಬೇಕಾದುದು ಇಷ್ಟು:

1. ನಗುವಾಗ ನಗಿ, ಅಳತೆ ಬಂದಾಗ ಬರೆದುಕೊಳ್ಳಿ. ಲೀಟರ್ ನೀರಿಗೆ 2 ಮಿಲಿಲೀಟರ್ ಔಷಧಿ ಎಂದರೆ, 16 ಲೀಟರಿನ ಸಿಂಪರಣಾ ಡಬ್ಬಿಗೆ 32 ಮಿಲಿಲೀಟರ್. ಡಬ್ಬಿಗೇ 2 ಎಂದು ತಿಳಿದರೆ ಹುಳು ಸಾಯದು, ಹಣ ಹೋಗುತ್ತದೆ. ಹೆಚ್ಚು ಸುರಿದರೆ ಬೆಳೆಗೂ ಕೇಡು, ನಿಮಗೂ ಕೇಡು. ಬಳಸುವ ಮುನ್ನ ಔಷಧಿಯ ಚೀಟಿ ಓದಿಸಿಕೊಳ್ಳಿ.

2. ಯಾವ ಮಣ್ಣಿಗೆ, ಯಾವ ತಳಿಗೆ, ಯಾವ ಕಾಲಕ್ಕೆ ಹೇಳಿದ ಮಾತೆಂದು ವಿಚಾರಿಸಿ. ಎರೆ ಭೂಮಿಯ ಮಾತು ಮಸಾರಿಗೆ ಒಪ್ಪಲಾರದು.

3. ಹೇಳಿದವರು ಯಾರು? ಸರಕು ಮಾರುವವರೋ, ಬೆಳೆ ಬಲ್ಲವರೋ? ಮೊಬೈಲಿನಲ್ಲಿ ಇದನ್ನು ಮೊದಲು ನೋಡಿ.

4. ನಾಲ್ಕು ಜನ ಕುಳಿತು ಮಾತಾಡಿ. ಮನೆಯ ಹೆಂಗಸರನ್ನೂ ಕರೆಯಿರಿ. ಬೀಜ ಕಾಪಾಡುವವರು ಅವರೇ. ಸಂದೇಹ ಉಳಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

5. ಹೊಸದನ್ನು ಮೊದಲು ಒಂದೆರಡು ಗುಂಟೆಯಲ್ಲಿ ಮಾಡಿ ನೋಡಿ.

ಕಥೆ ನಮ್ಮನ್ನು ಕೂರಿಸುತ್ತದೆ. ಲೆಕ್ಕ ನಮ್ಮ ಬೆಳೆ ಉಳಿಸುತ್ತದೆ. ಎರಡನ್ನೂ ಬಿಡಬೇಡಿ.